‘ಎಂಬತ್ತು ವೋಲ್ಟ್ ಏನು ಮಾಡೀತು?’
ವೆಲ್ಡಿಂಗ್ ಕಲಿಯುವವರಿಗೆ ವಿದ್ಯುತ್ ಸುರಕ್ಷತೆಯ ಪಾಠ

ಮೇ ತಿಂಗಳ ಒಂದು ಸಂಜೆ. ಚಿಕಿತ್ಸಾಲಯದ ಬಾಗಿಲು ಹಾಕುವ ಹೊತ್ತಿಗೆ ಇಬ್ಬರು ಬಂದರು. ಒಬ್ಬ ಹತ್ತೊಂಬತ್ತು ವರ್ಷದ ಹುಡುಗ. ಗ್ರಿಲ್ ಅಂಗಡಿಯೊಂದರಲ್ಲಿ ವೆಲ್ಡಿಂಗ್ ಕಲಿಯಲು ಸೇರಿ ಎರಡು ತಿಂಗಳಾಗಿತ್ತು. ಇನ್ನೊಬ್ಬರು ಅದೇ ಅಂಗಡಿಯ ಮೇಸ್ತ್ರಿ. ಹುಡುಗನ ಬಲಗೈ ಹೆಬ್ಬೆರಳಿನ ಮೇಲೆ ಕಡಲೆಕಾಳಿನಷ್ಟು ಬಿಳಿಚಿದ ಸುಟ್ಟ ಗಾಯವಿತ್ತು. ‘ಬಿಸಿ ರಾಡು ತಾಗಿತು ಸರ್, ಒಂದು ಮುಲಾಮು ಬರೆದುಕೊಡಿ’ ಎಂದ. ನಾಡಿ ಹಿಡಿದು ನೋಡಿದೆ. ಬಡಿತ ಒಂದೇ ಸಮನಾಗಿರಲಿಲ್ಲ, ನಡುನಡುವೆ ತಪ್ಪುತ್ತಿತ್ತು.

‘ಬಿಸಿ ತಾಗಿದ್ದೋ, ಕರೆಂಟು ಹೊಡೆದದ್ದೋ? ನಿಜ ಹೇಳಪ್ಪ’ ಎಂದು ಕೇಳಿದಾಗ ಮೇಸ್ತ್ರಿಯ ಮುಖ ನೋಡಿದ. ಆಮೇಲೆ ವಿಷಯ ಹೊರಬಂತು. ಬೆವರಿನಿಂದ ಒದ್ದೆಯಾದ ಕೈಗವಸನ್ನು ಬಿಚ್ಚಿಟ್ಟಿದ್ದ. ಕಬ್ಬಿಣದ ಗೇಟಿನ ಮೇಲೆಯೇ ಕುಳಿತು, ಬರಿಗೈಯಲ್ಲಿ ರಾಡು ಬದಲಿಸಲು ಹೋಗಿದ್ದ. ಕೈ ಹೋಲ್ಡರಿಗೆ ಅಂಟಿಕೊಂಡಂತಾಯಿತು. ಬಿಡಲೂ ಆಗಲಿಲ್ಲ, ಕೂಗಲೂ ಆಗಲಿಲ್ಲ. ಚಹಾ ತಂದ ಹುಡುಗ ಅವನ ಮುಖ ನೋಡಿ ಕೂಗಿಕೊಂಡದ್ದರಿಂದ ಮೇಸ್ತ್ರಿ ಓಡಿಹೋಗಿ ಸ್ವಿಚ್ ಆರಿಸಿದರು.

‘ಅದು ಬರೀ ಎಂಬತ್ತು ವೋಲ್ಟ್ ಸರ್. ನಾವೆಲ್ಲ ದಿನಾ ಹೊಡೆಸಿಕೊಂಡೇ ಕೆಲಸ ಕಲಿತವರು. ಅದು ಏನು ಮಾಡೀತು?’ ಎಂದರು ಮೇಸ್ತ್ರಿ.

ಹುಡುಗನನ್ನು ಇಸಿಜಿಗೆ ಕಳುಹಿಸಿದೆ. ತಪ್ಪು ಬಡಿತಗಳು ಕಂಡದ್ದರಿಂದ ಒಂದು ರಾತ್ರಿ ಆಸ್ಪತ್ರೆಯಲ್ಲಿ ನಿಗಾದಲ್ಲಿಟ್ಟರು. ಬೆಳಗಾಗುವಷ್ಟರಲ್ಲಿ ಹೃದಯದ ಬಡಿತ ಸರಿಹೋಯಿತು. ಹುಡುಗ ಮನೆಗೆ ಹೋದ. ಆದರೆ ಮೇಸ್ತ್ರಿ ಕೇಳಿದ ಪ್ರಶ್ನೆ ನನ್ನ ತಲೆಯಲ್ಲೇ ಉಳಿಯಿತು. ಅವರು ಸುಳ್ಳು ಹೇಳಿರಲಿಲ್ಲ. ಇಪ್ಪತ್ತು ವರ್ಷ ಕೆಲಸ ಮಾಡಿದ ಅವರಿಗೆ ನೂರಾರು ಬಾರಿ ಆ ಕರೆಂಟು ಹೊಡೆದಿರಬಹುದು. ಅವರಿಗೆ ಏನೂ ಆಗಲಿಲ್ಲ. ಹಾಗಿದ್ದ ಮೇಲೆ ಆ ಹುಡುಗನ ಹೃದಯವೇಕೆ ತಪ್ಪಿ ಬಡಿಯಿತು? ಇದಕ್ಕೆ ಉತ್ತರ ತಿಳಿದರೆ ವೆಲ್ಡಿಂಗ್ ಕಲಿಯುವವರು ಪಾಲಿಸಬೇಕಾದ ಎಲ್ಲ ನಿಯಮಗಳೂ ತಾವಾಗಿಯೇ ಅರ್ಥವಾಗುತ್ತವೆ.

ಒಂದು ಮಷಿನ್, ಎರಡು ಅಪಾಯ

ರಾಡು ಹಿಡಿದು ಮಾಡುವ ವೆಲ್ಡಿಂಗ್‌ನ ಮಷಿನ್‌ಗೆ ಎರಡು ಬದಿಗಳಿವೆ. ಒಂದು, ಗೋಡೆಯ ಬೋರ್ಡಿನಿಂದ ಕರೆಂಟು ಒಳಗೆ ಬರುವ ಬದಿ. ಇಲ್ಲಿರುವುದು ಮನೆಯ ಸಂಪರ್ಕವಾದರೆ 230 ವೋಲ್ಟ್. ತ್ರೀ ಫೇಸಿನ ಎರಡು ತಂತಿಗಳಿಂದ ಎಳೆದಿದ್ದರೆ 415 ವೋಲ್ಟ್. ಎರಡು, ಹೋಲ್ಡರ್ ಮತ್ತು ಕ್ಲ್ಯಾಂಪಿಗೆ ಕರೆಂಟು ಹೊರಡುವ ಬದಿ. ಮಷಿನ್ ಒಳಗೆ ವೋಲ್ಟೇಜನ್ನು ಇಳಿಸಿ, ಕರೆಂಟಿನ ಪ್ರಮಾಣವನ್ನು ನೂರು ಇನ್ನೂರು ಆಂಪಿಯರ್‌ಗೆ ಏರಿಸಲಾಗುತ್ತದೆ. ಕಬ್ಬಿಣ ಕರಗುವುದು ಈ ಆಂಪಿಯರ್‌ಗಳ ಬಲದಿಂದ.

ಮೊದಲ ಬದಿಯ ಅಪಾಯ ಎಲ್ಲರಿಗೂ ಗೊತ್ತು. ಆದ್ದರಿಂದ ಅದಕ್ಕೆ ಹೆದರುತ್ತಾರೆ. ಎರಡನೆಯ ಬದಿಗೆ ಯಾರೂ ಹೆದರುವುದಿಲ್ಲ. ಆದರೆ ವೆಲ್ಡರ್ ಇಡೀ ದಿನ ಕೈಯಲ್ಲಿ ಹಿಡಿದಿರುವುದು ಈ ಎರಡನೆಯ ಬದಿಯನ್ನೇ.

ಇಲ್ಲಿ ಹೊಸಬರು ತಿಳಿಯದ ಒಂದು ಸಂಗತಿಯಿದೆ. ಕಿಡಿ ಹತ್ತಿ ವೆಲ್ಡಿಂಗ್ ನಡೆಯುತ್ತಿರುವಾಗ ರಾಡಿಗೂ ಕಬ್ಬಿಣಕ್ಕೂ ನಡುವೆ ಇರುವುದು ಕೇವಲ 20ರಿಂದ 30 ವೋಲ್ಟ್. ಕಿಡಿ ಆರಿದ ಕೂಡಲೇ, ಅಂದರೆ ಮಷಿನ್ ಚಾಲೂ ಇದ್ದು ಕೆಲಸ ನಿಂತಿರುವಾಗ, ಅದು ಸಾಮಾನ್ಯವಾಗಿ 50ರಿಂದ 80 ವೋಲ್ಟಿಗೆ ಏರುತ್ತದೆ. ಕೆಲವು ಮಷಿನ್‌ಗಳಲ್ಲಿ ಅದಕ್ಕಿಂತಲೂ ಹೆಚ್ಚು. ಬೆಳಕು, ಸದ್ದು, ಹೊಗೆ ಎಲ್ಲ ಇರುವಾಗ ನಾವು ಎಚ್ಚರವಾಗಿರುತ್ತೇವೆ. ಎಲ್ಲವೂ ತಣ್ಣಗಾಗಿ, ರಾಡು ಬದಲಿಸಲು ಕೈ ಹಾಕುವ ಗಳಿಗೆಯಲ್ಲೇ ವೋಲ್ಟೇಜು ಅತಿ ಹೆಚ್ಚು. ಆ ಹುಡುಗನಿಗೆ ಹೊಡೆದದ್ದೂ ಅದೇ ಗಳಿಗೆಯಲ್ಲಿ.

ಇನ್ನೊಂದು ತಪ್ಪು ತಿಳಿವಳಿಕೆ: ‘ಆಂಪಿಯರ್ ಕಡಿಮೆ ಇಟ್ಟುಕೊಂಡರೆ ಷಾಕ್ ಕಡಿಮೆ’ ಎಂಬುದು. ಮುಂದಿನ ಗುಂಡಿ ತಿರುಗಿಸಿ 150 ಆಂಪಿಯರ್ ಇದ್ದುದನ್ನು 70ಕ್ಕೆ ಇಳಿಸಿದರೆ ಕಿಡಿಯ ಬಿಸಿ ಇಳಿಯುತ್ತದೆ. ಖಾಲಿ ನಿಂತಾಗಿನ ವೋಲ್ಟೇಜು ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ದೇಹದೊಳಕ್ಕೆ ಕರೆಂಟನ್ನು ತಳ್ಳುವುದು ಈ ವೋಲ್ಟೇಜು.

ದೇಹದೊಳಗೆ ಹರಿಯುವುದೆಷ್ಟು?

ಹೈಸ್ಕೂಲಿನಲ್ಲಿ ಕಲಿತ ಓಮ್ ನಿಯಮವನ್ನು ನೆನಪಿಸಿಕೊಳ್ಳಿ. ವೋಲ್ಟೇಜನ್ನು ದಾರಿಯ ಅಡ್ಡಿಯಿಂದ, ಅಂದರೆ ರೋಧದಿಂದ, ಭಾಗಿಸಿದರೆ ಹರಿಯುವ ಕರೆಂಟು ಸಿಗುತ್ತದೆ. ನಮ್ಮ ದೇಹದ ಒಳಭಾಗ ಉಪ್ಪುನೀರಿನಂತೆ. ಕರೆಂಟಿಗೆ ಹೆಚ್ಚು ಅಡ್ಡಿ ಮಾಡುವುದಿಲ್ಲ. ಅಡ್ಡಿ ಮಾಡುವುದು ಒಣ ಚರ್ಮ. ಒಣಗಿದ, ದಡ್ಡುಗಟ್ಟಿದ ಅಂಗೈಯ ರೋಧ ಹತ್ತಾರು ಸಾವಿರ ಓಮ್ ಇರಬಹುದು. ಅದೇ ಚರ್ಮ ಬೆವರಿನಿಂದ ತೊಯ್ದರೆ ಸಾವಿರ ಓಮ್‌ನ ಆಸುಪಾಸಿಗೆ ಇಳಿದುಬಿಡುತ್ತದೆ.

ಈಗ ಲೆಕ್ಕ ಹಾಕೋಣ. 20,000 ಓಮ್ ಇರುವ ಒಣ ಕೈಗೆ 80 ವೋಲ್ಟ್ ತಗುಲಿದರೆ ಹರಿಯುವುದು 4 ಮಿಲಿ ಆಂಪಿಯರ್. ಜುಮ್ಮೆಂದು ಕೈ ಹಿಂದಕ್ಕೆ ಬರುತ್ತದೆ, ಅಷ್ಟೆ. 1,000 ಓಮ್‌ನ ಒದ್ದೆ ಕೈಗೆ ಅದೇ 80 ವೋಲ್ಟ್ ತಗುಲಿದರೆ ಹರಿಯುವುದು 80 ಮಿಲಿ ಆಂಪಿಯರ್. ಇಪ್ಪತ್ತು ಪಟ್ಟು ಹೆಚ್ಚು!

ಮಿಲಿ ಆಂಪಿಯರ್ ಎಂದರೆ ಆಂಪಿಯರಿನ ಸಾವಿರದಲ್ಲಿ ಒಂದು ಪಾಲು. ಇಷ್ಟು ಅಲ್ಪ ಕರೆಂಟು ಏನು ಮಾಡುತ್ತದೆಂದು ನೋಡಿ. ಸುಮಾರು 1 ಮಿಲಿ ಆಂಪಿಯರ್‌ಗೆ ಜುಮ್ಮೆನಿಸುತ್ತದೆ. 10ರಿಂದ 20 ಮಿಲಿ ಆಂಪಿಯರ್‌ಗೆ ಮುಂಗೈ ಸ್ನಾಯುಗಳು ಸೆಟೆದುಕೊಳ್ಳುತ್ತವೆ. ಬೆರಳು ಮಡಿಸುವ ಸ್ನಾಯುಗಳು ಬೆರಳು ಬಿಚ್ಚುವ ಸ್ನಾಯುಗಳಿಗಿಂತ ಬಲಶಾಲಿಯಾದ್ದರಿಂದ ಮುಷ್ಟಿ ಬಿಗಿಯುತ್ತದೆ. ‘ಕರೆಂಟು ಹಿಡಿದುಕೊಂಡಿತು’ ಎಂದು ಜನ ಹೇಳುವುದು ಇದನ್ನೇ. ಹಿಡಿದುಕೊಂಡದ್ದು ಕರೆಂಟಲ್ಲ, ನಮ್ಮದೇ ಕೈ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್‌ಜೀಲ್ ಸ್ವಯಂಸೇವಕರ ಮೇಲೆ ಪ್ರಯೋಗ ನಡೆಸಿ, ಹಿಡಿದ ತಂತಿಯನ್ನು ಬಿಡಲು ಸಾಧ್ಯವಾಗುವ ಮಿತಿ ಗಂಡಸರಲ್ಲಿ ಸರಾಸರಿ 16, ಹೆಂಗಸರಲ್ಲಿ ಸುಮಾರು 10.5 ಮಿಲಿ ಆಂಪಿಯರ್ ಎಂದು ಕಂಡುಕೊಂಡರು. 30ನ್ನು ದಾಟಿದರೆ ಎದೆಯ ಸ್ನಾಯುಗಳು ಬಿಗಿದು ಉಸಿರು ಕಟ್ಟಬಹುದು. ಕೂಗಲು ಆಗದಿರುವುದು ಅದಕ್ಕೇ. 50ರಿಂದ 100ರ ಮೇಲೆ ಹೃದಯದ ಲಯವೇ ಕೆಡಬಹುದು.

ಮೇಸ್ತ್ರಿಯ ಪ್ರಶ್ನೆಗೆ ಇದೇ ಉತ್ತರ. ಅವರ ಅಂಗೈ ದಡ್ಡುಗಟ್ಟಿದ್ದು, ಒಣಗಿದ್ದು; ಕಾಲಲ್ಲಿ ಬೂಟು ಇತ್ತು; ಕುಳಿತದ್ದು ಮರದ ಸ್ಟೂಲಿನ ಮೇಲೆ. ಹುಡುಗನದು ಎಳೆಯ ಚರ್ಮ. ಮೇ ತಿಂಗಳ ಬೆವರು. ಕುಳಿತದ್ದು ಕಬ್ಬಿಣದ ಮೇಲೆ, ತೊಯ್ದ ಪ್ಯಾಂಟಿನಲ್ಲಿ. ಎಂಬತ್ತು ವೋಲ್ಟ್ ಇಬ್ಬರಿಗೂ ಒಂದೇ. ದಾರಿ ಮಾತ್ರ ಬೇರೆ. ಅಂದರೆ ಇಷ್ಟು ವರ್ಷ ಅವರನ್ನು ಕಾಪಾಡಿದ್ದು ಕಡಿಮೆ ವೋಲ್ಟೇಜಲ್ಲ, ಒಣ ಚರ್ಮ. ಅದು ಎಲ್ಲ ದಿನವೂ ಒಣಗಿರುತ್ತದೆಂದು ನಂಬುವಂತಿಲ್ಲ.

ಹೃದಯಕ್ಕೆ ಏನಾಗುತ್ತದೆ?

ನಮ್ಮ ಹೃದಯವೂ ವಿದ್ಯುತ್ತಿನಿಂದಲೇ ನಡೆಯುವ ಯಂತ್ರ. ಅದರ ಮೇಲ್ಭಾಗದಲ್ಲಿರುವ ಒಂದು ಚಿಕ್ಕ ಗಂಟು ನಿಮಿಷಕ್ಕೆ 60ರಿಂದ 100 ಬಾರಿ ನವಿರಾದ ವಿದ್ಯುತ್ ಸಂಕೇತ ಕಳುಹಿಸುತ್ತದೆ. ಅದಕ್ಕೆ ತಕ್ಕಂತೆ ಸ್ನಾಯುಗಳೆಲ್ಲ ಒಟ್ಟಾಗಿ ಹಿಂಡಿ ರಕ್ತವನ್ನು ತಳ್ಳುತ್ತವೆ. ಹೊರಗಿನ ಕರೆಂಟು ಎದೆಯ ಮೂಲಕ ಹರಿದರೆ ಈ ತಾಳ ತಪ್ಪುತ್ತದೆ. ಒಂದೊಂದು ಎಳೆಯೂ ತನ್ನಿಷ್ಟದಂತೆ ಅದುರತೊಡಗುತ್ತದೆ. ಹೊರಗಿನಿಂದ ನೋಡಿದರೆ ಹೃದಯ ನಿಂತಂತೆ. ಒಳಗೆ ಅದು ಹುಳುಗಳ ಗಂಟಿನಂತೆ ಮಿಸುಕಾಡುತ್ತಿರುತ್ತದೆ. ರಕ್ತ ಮುಂದಕ್ಕೆ ಹೋಗುವುದಿಲ್ಲ. ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ನಾಲ್ಕೈದು ನಿಮಿಷಗಳಲ್ಲಿ ಮೆದುಳಿಗೆ ಹಾನಿ ಶುರುವಾಗುತ್ತದೆ.

ಮೂರು ಸಂಗತಿಗಳು ಈ ಅಪಾಯವನ್ನು ಹೆಚ್ಚಿಸುತ್ತವೆ. ಮೊದಲನೆಯದು, ಕರೆಂಟಿನ ದಾರಿ. ಕೈಯಿಂದ ಕೈಗೆ, ಕೈಯಿಂದ ಕಾಲಿಗೆ, ಕಂಕುಳಿನಿಂದ ಕಾಲಿಗೆ ಹರಿದರೆ ನಡುವೆ ಎದೆ ಸಿಗುತ್ತದೆ. ಎರಡನೆಯದು, ಸಮಯ. ಕ್ಷಣಮಾತ್ರ ತಗುಲಿ ಬಿಟ್ಟರೆ ಒಂದು ಕಥೆ. ಎರಡು ಮೂರು ಸೆಕೆಂಡು ಹಿಡಿದುಕೊಂಡರೆ ಇನ್ನೊಂದು. ಮೂರನೆಯದು, ಕರೆಂಟಿನ ಬಗೆ. ನಮ್ಮ ಮನೆಯಲ್ಲಿರುವಂಥ ಸೆಕೆಂಡಿಗೆ 50 ಬಾರಿ ದಿಕ್ಕು ಬದಲಿಸುವ ಎಸಿ ಕರೆಂಟು ಸ್ನಾಯುಗಳನ್ನು ಸೆಟೆಸುವುದರಲ್ಲಿ, ಹೃದಯವನ್ನು ಅದುರಿಸುವುದರಲ್ಲಿ ಡಿಸಿಗಿಂತ ಕೆಟ್ಟದ್ದು. ಹಳೆಯ ಟ್ರಾನ್ಸ್‌ಫಾರ್ಮರ್ ಮಷಿನ್‌ಗಳು ಹೋಲ್ಡರಿಗೂ ಎಸಿಯನ್ನೇ ಕೊಡುತ್ತವೆ. ಈಗ ಬಂದಿರುವ ಪುಟ್ಟ ಇನ್ವರ್ಟರ್ ಮಷಿನ್‌ಗಳು ಸಾಮಾನ್ಯವಾಗಿ ಡಿಸಿ ಕೊಡುತ್ತವೆ. ಹಾಗೆಂದು ಡಿಸಿ ನಿರಪಾಯಕಾರಿ ಎಂದಲ್ಲ.

ರಾಡು ಬದಲಿಸುವ ರೀತಿ

ಇಷ್ಟು ತಿಳಿದ ಮೇಲೆ ನಿಯಮಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಎಲ್ಲದರ ಸಾರ ಇಷ್ಟೇ: ರಾಡು ಮತ್ತು ಕಬ್ಬಿಣದ ನಡುವೆ ನಿಮ್ಮ ದೇಹ ಸೇತುವೆಯಾಗಬಾರದು.

ಒಣಗಿದ, ತೂತಿಲ್ಲದ ಚರ್ಮದ ಕೈಗವಸು ಎರಡೂ ಕೈಗೆ ಇರಲಿ. ರಾಡು ಬದಲಿಸುವಾಗಲೂ ಅದನ್ನು ತೆಗೆಯಬಾರದು. ಬೆವರಿನಿಂದ ಒದ್ದೆಯಾದ ಕೈಗವಸು ಬರಿಗೈಗಿಂತ ಹೆಚ್ಚೇನೂ ಉಪಯೋಗವಿಲ್ಲ. ಆದ್ದರಿಂದ ಬೇಸಿಗೆಯಲ್ಲಿ ಎರಡು ಜೊತೆ ಇಟ್ಟುಕೊಂಡು, ಒಂದು ಬಿಸಿಲಿಗೆ ಒಣಗುವಾಗ ಇನ್ನೊಂದನ್ನು ಹಾಕಿಕೊಳ್ಳಿ. ಬಟ್ಟೆಯೂ ಒಣ ಹತ್ತಿಯದಾಗಿರಲಿ. ತೊಯ್ದ ಅಂಗಿಯನ್ನು ಊಟದ ಹೊತ್ತಿಗೆ ಬದಲಿಸಿ. ಹವಾಯಿ ಚಪ್ಪಲಿ ಬೇಡ. ರಬ್ಬರ್ ತಳದ, ಪಾದ ಮುಚ್ಚುವ ಬೂಟು ಬೇಕು.

ಕೆಲಸ ಮಾಡುವ ಕಬ್ಬಿಣದ ಮೇಲೆ ಕುಳಿತುಕೊಳ್ಳುವುದು, ಮೊಣಕಾಲೂರುವುದು, ಒರಗುವುದು ಬೇಡ. ಕೂರಲೇಬೇಕಾದರೆ ಒಣ ಹಲಗೆಯನ್ನೋ ರಬ್ಬರ್ ಚಾಪೆಯನ್ನೋ ಹಾಕಿಕೊಳ್ಳಿ. ಎರಡೂ ಕೈ ಬೇಕಾದಾಗ ಹೋಲ್ಡರನ್ನು ಕಂಕುಳಲ್ಲಿ ಸಿಕ್ಕಿಸಿಕೊಳ್ಳುವ ಚಟ ಹೊಸಬರಿಗೆ ಬೇಗ ಅಂಟುತ್ತದೆ. ಬೆವರಿನಿಂದ ಒದ್ದೆಯಾಗುವ ಜಾಗ ಅದು, ಹೃದಯಕ್ಕೂ ಹತ್ತಿರ. ಆ ಚಟ ಖಂಡಿತ ಬೇಡ. ಕೇಬಲನ್ನು ಹೆಗಲಿಗೋ ಸೊಂಟಕ್ಕೋ ಸುತ್ತಿಕೊಳ್ಳುವುದೂ ಬೇಡ. ಬಿಸಿಯಾದ ಹೋಲ್ಡರನ್ನು ತಣಿಸಲು ಬಕೆಟ್ಟಿನ ನೀರಿಗೆ ಅದ್ದುವುದಂತೂ ಅಪಾಯವನ್ನು ಕರೆದು ಕೂರಿಸಿದಂತೆ. ಹೋಲ್ಡರಿನ ಹಿಡಿಕೆ ಒಡೆದಿದ್ದರೆ ಟೇಪು ಸುತ್ತಿ ದಿನ ತಳ್ಳಬೇಡಿ, ಹೊಸದನ್ನು ತನ್ನಿ. ವಿಶ್ರಾಂತಿಗೆ ಎದ್ದಾಗ ರಾಡು ತೆಗೆದು, ಮಷಿನ್ ಆರಿಸಿ, ಹೋಲ್ಡರನ್ನು ಕಬ್ಬಿಣಕ್ಕೆ ತಾಗದಂತೆ ತೂಗುಹಾಕಿ.

ಉಂಗುರ, ಕಡಗ, ಲೋಹದ ಪಟ್ಟಿಯ ವಾಚು, ಕತ್ತಿನ ಸರ ಮನೆಯಲ್ಲೇ ಇರಲಿ. ಹೋಲ್ಡರಿಗೂ ಕಬ್ಬಿಣಕ್ಕೂ ನಡುವೆ ಉಂಗುರ ಸಿಕ್ಕಿದರೆ ಅದರ ಮೂಲಕ ನೂರಾರು ಆಂಪಿಯರ್ ಹರಿದು, ಕಣ್ಣು ಮಿಟುಕಿಸುವಷ್ಟರಲ್ಲಿ ಬೆರಳನ್ನು ಸುತ್ತಲೂ ಸುಡಬಹುದು.

‘ಅರ್ಥ್’ ಎಂಬ ಮಾತಿನ ಗೊಂದಲ

ಕಬ್ಬಿಣಕ್ಕೆ ಕಚ್ಚಿಸುವ ಕ್ಲ್ಯಾಂಪನ್ನು ನಮ್ಮ ಅಂಗಡಿಗಳಲ್ಲಿ ‘ಅರ್ಥ್’ ಎನ್ನುತ್ತಾರೆ. ಈ ಹೆಸರೇ ಎಷ್ಟೋ ಅವಘಡಗಳ ಮೂಲ. ಅದು ಭೂಮಿಗೆ ಹೋಗುವ ತಂತಿಯಲ್ಲ. ಹೋಲ್ಡರಿನಿಂದ ಹೊರಟ ಕರೆಂಟು ಮಷಿನ್‌ಗೆ ವಾಪಸಾಗುವ ದಾರಿ. ನಿಜವಾದ ಅರ್ಥ್ ಬೇರೆ. ಅದು ಮಷಿನ್‌ನ ಲೋಹದ ಮೈಯನ್ನು ಭೂಮಿಗೆ ಜೋಡಿಸುವ ತಂತಿ. ಒಳಗಿನ ತಂತಿ ಸವೆದು ಮೈಗೆ ತಾಗಿದರೆ ಆ 230 ಅಥವಾ 415 ವೋಲ್ಟ್ ನಿಮ್ಮ ಮೂಲಕ ಹೋಗದೆ ಈ ತಂತಿಯ ಮೂಲಕ ಹೋಗಿ, ಫ್ಯೂಸು ಸುಡಬೇಕು. ‘ಕ್ಲ್ಯಾಂಪ್ ಹಾಕಿದ್ದೇನಲ್ಲ, ಅರ್ಥ್ ಆಯಿತು’ ಎಂದುಕೊಂಡು ಮೂರು ಪಿನ್ನಿನ ಪ್ಲಗ್ಗಿನ ಉದ್ದ ಪಿನ್ನನ್ನು ಕಿತ್ತು ಹಾಕಿದವರನ್ನು, ಪ್ಲಗ್ಗೇ ಇಲ್ಲದೆ ಬರಿ ತಂತಿಯನ್ನು ಸಾಕೆಟ್ಟಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ವಾಪಸು ಕ್ಲ್ಯಾಂಪನ್ನು ವೆಲ್ಡ್ ಮಾಡುವ ಜಾಗಕ್ಕೆ ಆದಷ್ಟು ಹತ್ತಿರ, ಬಣ್ಣ ತುಕ್ಕು ಕೆರೆದ ಲೋಹಕ್ಕೆ ಬಿಗಿಯಾಗಿ ಕಚ್ಚಿಸಿ. ಕಟ್ಟಡದ ಕಂಬಿ, ನೀರಿನ ಪೈಪು, ದೂರದ ಶೆಡ್ಡಿನ ಕಂಬಕ್ಕೆ ಹಾಕಿದರೆ ಕರೆಂಟು ತನಗೆ ತೋಚಿದ ದಾರಿ ಹಿಡಿಯುತ್ತದೆ. ಆ ದಾರಿಯಲ್ಲಿ ನಲ್ಲಿ ಹಿಡಿದ ಇನ್ನೊಬ್ಬರಿರಬಹುದು. ಭಾರ ಎತ್ತುವ ಸರಪಳಿ ಇರಬಹುದು. ಕಟ್ಟಡದ ಅರ್ಥ್ ತಂತಿಯೇ ಇದ್ದು ಸುಟ್ಟುಹೋಗಬಹುದು.

ಒಂದೇ ಗೇಟಿನ ಮೇಲೆ ಎರಡು ಮಷಿನ್‌ಗಳಿಂದ ಇಬ್ಬರು ಕೆಲಸ ಮಾಡುವಾಗ ಇನ್ನೊಂದು ಅಪಾಯವಿದೆ. ಜೋಡಣೆಯ ದಿಕ್ಕು ಒಂದಕ್ಕೊಂದು ವಿರುದ್ಧವಾಗಿದ್ದರೆ ಎರಡು ಹೋಲ್ಡರ್‌ಗಳ ನಡುವೆ 160 ವೋಲ್ಟಿನವರೆಗೂ ಇರಬಹುದು. ಎರಡನ್ನೂ ಒಬ್ಬನೇ ಏಕಕಾಲಕ್ಕೆ ಮುಟ್ಟಬಾರದು. ಇಬ್ಬರೂ ಕೈಗೆಟುಕದಷ್ಟು ದೂರ ಇರಬೇಕು.

ಬೋರ್ಡಿನಲ್ಲಿ ಆರ್‌ಸಿಸಿಬಿ ಇದ್ದರೆ ಸಾಕೆ?

ಸೋರುವ ಕರೆಂಟನ್ನು ಗುರುತಿಸಿ ತಾನಾಗಿ ಕಡಿತಗೊಳಿಸುವ ಆರ್‌ಸಿಸಿಬಿ ಈಗ ಅನೇಕ ಮನೆಗಳಲ್ಲಿದೆ. 30 ಮಿಲಿ ಆಂಪಿಯರಿನದು ಜೀವರಕ್ಷಕವೇ ಸರಿ; ವೆಲ್ಡಿಂಗ್ ಸಂಪರ್ಕಕ್ಕೂ ಅದು ಬೇಕು. ಆದರೆ ಅದು ಕಾಯುವುದು ಮಷಿನ್‌ಗೆ ಕರೆಂಟು ಬರುವ ಬದಿಯನ್ನು ಮಾತ್ರ. ಹೋಲ್ಡರಿನ ಬದಿ ಮಷಿನ್ ಒಳಗೆ ಬೇರ್ಪಟ್ಟ ಸುರುಳಿಯಿಂದ ಬರುತ್ತದೆ. ಅಲ್ಲಿ ನಿಮಗೆ ಹೊಡೆದರೆ ಆರ್‌ಸಿಸಿಬಿಗೆ ಸುದ್ದಿಯೇ ಮುಟ್ಟುವುದಿಲ್ಲ. ಫ್ಯೂಸು, ಎಂಸಿಬಿಗಳಂತೂ ಹತ್ತಾರು ಆಂಪಿಯರ್ ಹರಿದಾಗ ಎಚ್ಚರಗೊಳ್ಳುವಂಥವು. ಮನುಷ್ಯನನ್ನು ಕೊಲ್ಲುವ ಅಲ್ಪ ಕರೆಂಟು ಅವುಗಳ ಲೆಕ್ಕಕ್ಕೇ ಇಲ್ಲ.

ಕೆಲವು ಹೊಸ ಮಷಿನ್‌ಗಳಲ್ಲಿ ‘ವಿಆರ್‌ಡಿ’ ಎಂಬ ಏರ್ಪಾಡು ಇರುತ್ತದೆ. ಕಿಡಿ ಆರಿದ ಕೂಡಲೇ ಅದು ಖಾಲಿ ವೋಲ್ಟೇಜನ್ನು ತಾನಾಗಿ ಬಹಳ ಕಡಿಮೆ ಮಟ್ಟಕ್ಕೆ ಇಳಿಸುತ್ತದೆ. ಕೊಳ್ಳುವಾಗ ಕೇಳಿ ನೋಡಿ. ಮಷಿನ್‌ನ ತಗಡಿನ ಮೇಲೆ ಚೌಕದೊಳಗೆ ‘ಎಸ್’ ಅಕ್ಷರದ ಗುರುತಿದ್ದರೆ ಒದ್ದೆ, ಇಕ್ಕಟ್ಟಾದ ಕಡೆಗೂ ತಕ್ಕದ್ದೆಂದು ಅರ್ಥ. ಅಂಥ ಎಸಿ ಮಷಿನ್‌ನ ಖಾಲಿ ವೋಲ್ಟೇಜು 48ನ್ನು ಮೀರುವಂತಿಲ್ಲ. ಇನ್ವರ್ಟರ್ ಮಷಿನ್ ಕೆಟ್ಟರೆ ಪ್ಲಗ್ ಕಿತ್ತ ಮೇಲೂ ನೀವೇ ಮುಚ್ಚಳ ಬಿಚ್ಚಬೇಡಿ. ಒಳಗಿನ ಕೆಪಾಸಿಟರ್‌ಗಳಲ್ಲಿ 300 ವೋಲ್ಟಿಗೂ ಮೀರಿದ ವಿದ್ಯುತ್ತು ಸ್ವಲ್ಪ ಹೊತ್ತು ಉಳಿದಿರಬಹುದು.

ಮಳೆ, ಟ್ಯಾಂಕು, ಏಣಿ

ಮಲೆನಾಡು, ಕರಾವಳಿಯವರು ಜೂನಿನಿಂದ ಸೆಪ್ಟೆಂಬರಿನವರೆಗೆ ವಿಶೇಷ ಎಚ್ಚರ ವಹಿಸಬೇಕು. ಮಳೆಯಲ್ಲಿ, ಹಸಿ ನೆಲದಲ್ಲಿ, ಕ್ಯೂರಿಂಗ್‌ಗೆ ನೀರು ಕಟ್ಟಿದ ತಾರಸಿಯ ಮೇಲೆ ವೆಲ್ಡಿಂಗ್ ಬೇಡ. ತೇಪೆ ಹಾಕಿದ ವೈರಿನ ಗಂಟು ನೀರಿನಲ್ಲಿ ಬಿದ್ದಿದ್ದರೆ ಅದು ಹಾವು ಬಿದ್ದಂತೆಯೇ.

ನೀರಿನ ಟ್ಯಾಂಕಿನ ಒಳಗೆ, ಲಾರಿಯ ಛಾಸಿಯ ಅಡಿಯಲ್ಲಿ ಕೆಲಸ ಮಾಡುವಾಗ ಸುತ್ತಲೂ ಲೋಹವೇ ಇರುತ್ತದೆ. ಸೆಕೆಯಿಂದ ಬೆವರು ಸುರಿಯುತ್ತದೆ. ಷಾಕ್ ಹೊಡೆದರೆ ಹಿಂದಕ್ಕೆ ಸರಿಯಲು ಜಾಗವಿಲ್ಲ. ಇಂಥ ಕೆಲಸ ಕಲಿಯುವವರಿಗೆ ಅಲ್ಲವೇ ಅಲ್ಲ. ಅನುಭವಿಗಳು ಮಾಡುವಾಗಲೂ ಹೊರಗೆ ಸ್ವಿಚ್ಚಿನ ಪಕ್ಕದಲ್ಲಿ ಒಬ್ಬ ನಿಂತಿರಬೇಕು. ಅವನಿಗೆ ಬೇರೆ ಕೆಲಸ ಹೇಳಬಾರದು.

ಏಣಿಯ ಮೇಲೆ ನಿಂತವನನ್ನು ಕೊಲ್ಲಲು 80 ಮಿಲಿ ಆಂಪಿಯರ್ ಬೇಕಿಲ್ಲ. ಎರಡು ಮಿಲಿ ಆಂಪಿಯರಿಗೆ ಬೆಚ್ಚಿ ಕಾಲು ಜಾರಿದರೂ ಸಾಕು. ಬಾಲ್ಕನಿಗೆ ಗ್ರಿಲ್ ಕೂರಿಸುವವರು ಮೇಲೆ ಹಾದುಹೋಗುವ ತಂತಿಗಳನ್ನು ಮೊದಲು ನೋಡಿಕೊಳ್ಳಬೇಕು. ಹನ್ನೊಂದು ಸಾವಿರ ವೋಲ್ಟಿನ ತಂತಿಗೆ ಉದ್ದನೆಯ ಪೈಪು ತಾಗಬೇಕೆಂದೂ ಇಲ್ಲ. ತೀರ ಹತ್ತಿರ ಹೋದರೂ ಕರೆಂಟು ಹಾರಿ ಬರಬಹುದು.

ಪೇಸ್‌ಮೇಕರ್ ಹಾಕಿಸಿಕೊಂಡವರು ಹೃದ್ರೋಗ ತಜ್ಞರನ್ನು ಕೇಳದೆ ವೆಲ್ಡಿಂಗ್ ಮಾಡಬಾರದು. ಕೇಬಲ್ ಸುತ್ತಲಿನ ಕಾಂತಕ್ಷೇತ್ರ ಆ ಉಪಕರಣದ ಲಯವನ್ನು ಕೆಡಿಸುವ ಸಾಧ್ಯತೆಯಿದೆ.

ಹೊಡೆದಾಗ ಏನು ಮಾಡಬೇಕು?

ಮೊದಲು, ಮುಟ್ಟಬೇಡಿ. ಸ್ವಿಚ್ ಆರಿಸಿ ಅಥವಾ ಪ್ಲಗ್ ಕೀಳಿ. ಕೆಲಸಕ್ಕೆ ಸೇರಿದ ಮೊದಲ ದಿನವೇ ಸ್ವಿಚ್ ಎಲ್ಲಿದೆಯೆಂದು ತಿಳಿದಿರಬೇಕಾದದ್ದು ಇದಕ್ಕೇ. ಸ್ವಿಚ್ ಕೈಗೆ ಸಿಗದಿದ್ದರೆ ಒಣ ನೆಲದ ಮೇಲೆ ನಿಂತು ಒಣ ಮರದ ಹಲಗೆ ಅಥವಾ ಪ್ಲಾಸ್ಟಿಕ್ ಕುರ್ಚಿಯಿಂದ ಹೋಲ್ಡರನ್ನು ದೂರ ತಳ್ಳಿ. ಮೇಲಿನ ಹೈಟೆನ್ಷನ್ ತಂತಿ ತಗುಲಿದ್ದರೆ ಈ ಉಪಾಯ ನಡೆಯದು. ಆಗ ದೂರ ನಿಂತು ವಿದ್ಯುತ್ ಕಚೇರಿಗೆ ತಿಳಿಸಿ ಲೈನ್ ಆರಿಸುವುದೇ ದಾರಿ.

ನಂತರ ಮಾತನಾಡಿಸಿ, ಭುಜ ತಟ್ಟಿ. ಉತ್ತರವಿಲ್ಲ, ಉಸಿರೂ ಇಲ್ಲ ಎಂದಾದರೆ ಒಬ್ಬರು 108 ಅಥವಾ 112ಕ್ಕೆ ಕರೆ ಮಾಡಲಿ. ಇನ್ನೊಬ್ಬರು ಕೂಡಲೇ ಎದೆ ಒತ್ತಲು ಶುರು ಮಾಡಲಿ. ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಏದುಸಿರಿನಂತೆ ಎಳೆಯುವುದು ಉಸಿರಾಟವಲ್ಲ. ಅದನ್ನು ನೋಡಿ ಸುಮ್ಮನಿರಬಾರದು. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಎದೆಯ ಮಧ್ಯದ ಮೂಳೆಯ ಕೆಳ ಅರ್ಧದ ಮೇಲೆ ಒಂದು ಅಂಗೈಯ ಬುಡವಿಟ್ಟು, ಅದರ ಮೇಲೆ ಇನ್ನೊಂದು ಕೈ ಇಡಿ. ಮೊಣಕೈ ಬಾಗಿಸದೆ 5 ಸೆಂಟಿಮೀಟರಿನಷ್ಟು ಕೆಳಗೆ ಹೋಗುವಂತೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಿ. ಪ್ರತಿ ಸಲವೂ ಎದೆ ಪೂರ್ತಿ ಮೇಲೆ ಬರಲು ಬಿಡಿ. ತರಬೇತಿ ಇದ್ದವರು 30 ಒತ್ತಿಗೆ 2 ಬಾರಿ ಬಾಯಿಯಿಂದ ಉಸಿರು ಕೊಡಲಿ. ಇಲ್ಲದವರು ಒತ್ತುತ್ತಲೇ ಇರಲಿ. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ. ದಣಿವಾದರೆ ಎರಡು ನಿಮಿಷಕ್ಕೊಮ್ಮೆ ಆಳು ಬದಲಿಸಿ.

ಕರೆಂಟು ಹೊಡೆದವರನ್ನು ಕತ್ತಿನವರೆಗೆ ಮಣ್ಣಿನಲ್ಲಿ ಹೂತರೆ ಭೂಮಿ ಕರೆಂಟನ್ನು ಹೀರಿಕೊಳ್ಳುತ್ತದೆಂಬ ನಂಬಿಕೆ ಕೆಲವೆಡೆ ಇದೆ. ಸ್ವಿಚ್ ಆರಿದ ಮೇಲೆ ದೇಹದಲ್ಲಿ ಕರೆಂಟು ಉಳಿದಿರುವುದೇ ಇಲ್ಲ, ಹೀರಿಕೊಳ್ಳುವುದೇನನ್ನು? ಬದುಕಿಸಬಹುದಾಗಿದ್ದ ಆ ಕೆಲವು ನಿಮಿಷಗಳು ಗುಂಡಿ ತೋಡುವುದರಲ್ಲೇ ಕಳೆದುಹೋಗುತ್ತವೆ.

ಎದೆ ಒತ್ತುವ ಈ ವಿಧಾನಕ್ಕೂ ಕರೆಂಟಿಗೂ ಹಳೆಯ ನಂಟಿದೆ. ಅಮೆರಿಕದಲ್ಲಿ ಲೈನ್‌ಮನ್‌ಗಳು ವಿದ್ಯುದಾಘಾತದಿಂದ ಸಾಯುತ್ತಿದ್ದುದನ್ನು ತಡೆಯುವ ಸಂಶೋಧನೆಯಲ್ಲಿ ತೊಡಗಿದ್ದವರು ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ವಿಲಿಯಂ ಕೌವೆನ್‌ಹೋವೆನ್. ಅವರು ವೈದ್ಯರಲ್ಲ, ಎಲೆಕ್ಟ್ರಿಕಲ್ ಎಂಜಿನಿಯರ್. ಎದೆ ತೆರೆಯದೆ ಹೊರಗಿನಿಂದಲೇ ಒತ್ತಿ ರಕ್ತ ಹರಿಸಬಹುದೆಂದು ಅವರು ತಮ್ಮ ಇಬ್ಬರು ಸಂಗಡಿಗರೊಡನೆ 1960ರಲ್ಲಿ ಪ್ರಕಟಿಸಿದರು. ಇಂದು ಬೇರೆ ಕಾರಣದಿಂದ ಹೃದಯ ಸ್ತಂಭನವಾದವರಿಗೂ ನಾವು ಮಾಡುವುದು ಅದನ್ನೇ.

ವೈದ್ಯರಲ್ಲಿಗೆ ಯಾವಾಗ?

ಒಣ ಕೈಗೆ ಕ್ಷಣಮಾತ್ರ ಜುಮ್ಮೆಂದು, ಬೇರೆ ಯಾವ ತೊಂದರೆಯೂ ಇಲ್ಲದಿದ್ದರೆ ಗಾಬರಿ ಬೇಡ. ಆದರೆ ಕೈ ಬಿಡಲಾಗದೆ ಹಿಡಿದುಕೊಂಡಿದ್ದರೆ, ಪ್ರಜ್ಞೆ ತಪ್ಪಿದ್ದರೆ, ಎದೆನೋವು, ಎದೆಬಡಿತದಲ್ಲಿ ಏರುಪೇರು, ಉಸಿರಾಟದ ತೊಂದರೆ, ಕೈಕಾಲು ಜೋಮು ಇದ್ದರೆ, ಬಿದ್ದು ಪೆಟ್ಟಾಗಿದ್ದರೆ, ಚರ್ಮ ಸುಟ್ಟಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಬೇಕು. ಹೆಚ್ಚಿನ ವೋಲ್ಟೇಜಿನ ತಂತಿ ತಗುಲಿದ್ದರೆ ಏನೂ ಅನಿಸದಿದ್ದರೂ ಹೋಗಲೇಬೇಕು. ಗರ್ಭಿಣಿಯರಿಗೆ ಕರೆಂಟು ಹೊಡೆದಿದ್ದರೆ ಮಗುವಿನ ತಪಾಸಣೆಯೂ ಆಗಬೇಕು.

ಕರೆಂಟಿನ ಸುಟ್ಟ ಗಾಯ ಮೇಲೆ ನೋಡಲು ಚಿಕ್ಕದು, ಒಳಗೆ ಆಳ. ಸ್ನಾಯು ಹೆಚ್ಚು ಹಾಳಾಗಿದ್ದರೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಬಹುದು; ಅದು ಮೂತ್ರಪಿಂಡಕ್ಕೆ ಕುತ್ತು ಬರುವ ಸೂಚನೆ, ತಡ ಮಾಡಬಾರದು. ಸುಟ್ಟ ಜಾಗಕ್ಕೆ, ಕರೆಂಟು ಆರಿಸಿದ ಮೇಲೆ, 20 ನಿಮಿಷ ನಲ್ಲಿ ನೀರು ಹರಿಯಬಿಡಿ. ಶಾಯಿ, ಟೂತ್‌ಪೇಸ್ಟ್, ಎಣ್ಣೆ ಹಚ್ಚಬೇಡಿ. ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂದು ಕೇಳಿ. ಎಲ್ಲಕ್ಕಿಂತ ಮುಖ್ಯ, ನಡೆದದ್ದನ್ನು ವೈದ್ಯರ ಮುಂದೆ ಮುಚ್ಚಿಡಬೇಡಿ. ‘ಬಿಸಿ ತಾಗಿತು’ ಎಂದರೆ ಮುಲಾಮು ಸಿಗುತ್ತದೆ. ‘ಕರೆಂಟು ಹೊಡೆಯಿತು’ ಎಂದರೆ ಇಸಿಜಿ ಆಗುತ್ತದೆ. ಈ ಎರಡರ ನಡುವಿನ ಅಂತರ ಒಂದು ಜೀವದಷ್ಟು ಇರಬಹುದು.

ಬೆಳಿಗ್ಗೆ ಐದು ನಿಮಿಷ

ಕೆಲಸ ಶುರು ಮಾಡುವ ಮುನ್ನ ದಿನಾ ಇಷ್ಟನ್ನು ನೋಡಿಕೊಳ್ಳಿ:

* ಪ್ಲಗ್ಗಿನಲ್ಲಿ ಮೂರೂ ಪಿನ್ನುಗಳಿವೆಯೆ? ಮಷಿನ್‌ನ ಮೈಗೆ ಅರ್ಥ್ ತಂತಿ ಬಿಗಿಯಾಗಿದೆಯೆ?
* ಎರಡೂ ಕೇಬಲ್‌ಗಳ ಉದ್ದಕ್ಕೂ ಎಲ್ಲಾದರೂ ತಾಮ್ರ ಕಾಣುತ್ತಿದೆಯೆ?
* ಹೋಲ್ಡರ್ ಒಡೆದಿಲ್ಲ ತಾನೆ? ಕ್ಲ್ಯಾಂಪಿನ ಸ್ಪ್ರಿಂಗ್ ಗಟ್ಟಿಯಾಗಿದೆಯೆ?
* ಕೈಗವಸು, ಬೂಟು, ಬಟ್ಟೆ, ನೆಲ ಒಣಗಿವೆಯೆ?
* ಸ್ವಿಚ್ಚಿನವರೆಗೆ ದಾರಿ ಸುಗಮವಾಗಿದೆಯೆ? ಪಕ್ಕದಲ್ಲಿ ಇನ್ನೊಬ್ಬರಿದ್ದಾರೆಯೆ?

ಈಗ ಮೊಬೈಲಿನ ವಿಡಿಯೊ ನೋಡಿ, ಪುಟ್ಟ ಮಷಿನ್ ತಂದು ಮನೆಯ ಹಿತ್ತಲಲ್ಲೇ ಒಂಟಿಯಾಗಿ ಕಲಿಯುವವರೂ ಇದ್ದಾರೆ. ಅವರಿಗೆ ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಸಾಧ್ಯವಾದರೆ ಐಟಿಐಯಲ್ಲಿ ಅಥವಾ ಬಲ್ಲವರ ಎದುರಿನಲ್ಲಿ ಕಲಿಯಿರಿ, ಒಂಟಿಯಾಗಿ ಬೇಡ.

ಅಂಗಡಿ ಮಾಲೀಕರಿಗೂ ಮೇಸ್ತ್ರಿಗಳಿಗೂ ಒಂದು ಮಾತು. ಕಲಿಯುವ ಹುಡುಗ ‘ಕರೆಂಟು ಹೊಡೀತಿದೆ’ ಎಂದರೆ ನಗಬೇಡಿ. ಅದು ಅವನ ಅಳುಕಲ್ಲ, ನಿಮ್ಮ ಮಷಿನ್ ಕೊಡುತ್ತಿರುವ ಎಚ್ಚರಿಕೆ. ಇಂದು ಜುಮ್ಮೆಂದದ್ದು ನಾಳೆ ಮಳೆ ಬಂದಾಗ ಜುಮ್ಮೆನ್ನುವುದಕ್ಕೇ ನಿಲ್ಲುವುದಿಲ್ಲ.

ಆ ಹುಡುಗ ಹದಿನೈದು ದಿನ ಬಿಟ್ಟು ಗಾಯ ತೋರಿಸಲು ಬಂದಿದ್ದ. ಬೆರಳು ಮಾಗಿತ್ತು, ನಾಡಿ ಸರಿಯಾಗಿತ್ತು. ‘ಮೇಸ್ತ್ರಿ ಏನಂದ್ರಪ್ಪ?’ ಎಂದು ಕೇಳಿದೆ. ‘ಏನೂ ಅನ್ನಲಿಲ್ಲ ಸರ್. ಎಲ್ಲರಿಗೂ ಎರಡೆರಡು ಜೊತೆ ಗ್ಲೌಸು ತಂದಿಟ್ಟವ್ರೆ. ಕೂರೋಕೆ ಹಲಗೆ ಮಾಡಿಸವ್ರೆ’ ಎಂದ. ಎಂಬತ್ತು ವೋಲ್ಟ್ ಏನು ಮಾಡೀತು ಎಂಬ ಪ್ರಶ್ನೆಗೆ ಅವರಿಗೆ ಉತ್ತರ ಸಿಕ್ಕಿತ್ತು. ನಿಮಗೆ ಆ ಉತ್ತರ ಇಷ್ಟು ದುಬಾರಿ ದಾರಿಯಲ್ಲಿ ಸಿಗುವುದು ಬೇಡ.